ತೋಟದ ಪಿಕಪ್‌ಗೆ ಎಷ್ಟು ಎತ್ತರ?

ಪ್ರಶ್ನೆ: ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದ ದಾರಿ ಮಳೆಗಾಲದಲ್ಲಿ ಪೂರ್ತಿ ಕೆಸರಾಗುತ್ತದೆ. 30 ಇಂಚು ಟೈರಿರುವ ನನ್ನ ಫೋರ್ ವೀಲ್ ಡ್ರೈವ್ ಪಿಕಪ್‌ಗೆ 4 ಇಂಚು ಲಿಫ್ಟ್ (ಗಾಡಿಯ ಬಾಡಿಯನ್ನು ಎತ್ತರಿಸುವ ಕಿಟ್), 33 ಇಂಚಿನ ಟೈರ್ ಹಾಕಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಲಿಫ್ಟ್ ಬಾಡಿಯನ್ನು ಎತ್ತುತ್ತದೆಯೇ ಹೊರತು ತಗ್ಗಿನಲ್ಲಿದ್ದು ಕೆಸರಿಗೆ ತಗಲುವ ಹಿಂದಿನ ಆಕ್ಸಲ್ಲನ್ನಲ್ಲ (ಹಿಂದಿನ ಚಕ್ರಗಳನ್ನು ಜೋಡಿಸುವ ಅಚ್ಚು). ಅದನ್ನು ಎತ್ತುವುದು ಟೈರು, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು ಮಾತ್ರ. ಆ ಒಂದೂವರೆ ಇಂಚಿಗಾಗಿ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಸುಮಾರು 66ರಲ್ಲಿ ಓಡುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ, ಮತ್ತು ಭಾರವೆಲ್ಲ ಮೇಲೇರಿದ ಗಾಡಿಯಲ್ಲಿ ಕಾಫಿ ಮೂಟೆ ಹೇರಿಕೊಂಡು ಘಾಟಿಯ ತಿರುವುಗಳನ್ನು ಇಳಿಯುವುದು ನಿಜಕ್ಕೂ ಅಪಾಯ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ನಿರ್ಬಂಧಿಸುತ್ತದೆ. ಜಾರುವ ಮಣ್ಣಿನಲ್ಲಿ ಎತ್ತರಕ್ಕಿಂತ ಹಿಡಿತ ಮುಖ್ಯವಾದ್ದರಿಂದ, ಮೂಲ ಅಳತೆಯಲ್ಲೇ ಆಳವಾದ ಬಟನ್ನಿನ ಮಡ್ ಟೈರ್ ಹಾಕಿಸಿ.