ಬ್ಯಾಟನ್ ಕೈ ಬದಲಾಗುವ ಜಾಗ

ಹಾಸನದ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಆಫೀಸಿನಲ್ಲಿ ಒಂದು ಮುಖ್ಯ ಕೆಲಸಕ್ಕೆ ಆರು ಜನ ಜಾಣರನ್ನೇ ಆರಿಸಿ ಹಾಕಿದರು. ಒಬ್ಬೊಬ್ಬರೂ ತಮ್ಮ ಕೆಲಸದಲ್ಲಿ ಎತ್ತಿದ ಕೈ. ಆದರೂ ಕೆಲಸ ಕೆಟ್ಟಿತು. ಯಾರಲ್ಲೂ ತಪ್ಪು ಕಾಣುತ್ತಿಲ್ಲ. ಹೀಗೇಕೆ?"

ಸಂಪಾದಕರ ಉತ್ತರ:

ಒಬ್ಬೊಬ್ಬರನ್ನೇ ನೋಡಿದರೆ ತಪ್ಪು ಕಾಣುವುದಿಲ್ಲ. ಇಬ್ಬರ ನಡುವೆ ಹುಡುಕಿ ನೋಡಿ.

4x100 ಮೀಟರ್ ರಿಲೇ ನೋಡಿದ್ದೀರಲ್ವಾ? ನಾಲ್ವರು ಒಬ್ಬರಾದ ಮೇಲೊಬ್ಬರು 100 ಮೀಟರ್ ಓಡಿ, ಬ್ಯಾಟನ್ ಅನ್ನುವ ಕೋಲನ್ನು ಮುಂದಿನವರ ಕೈಗೆ ದಾಟಿಸುವ ಓಟ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ 100 ಮೀಟರ್ ಫೈನಲ್‌ನಲ್ಲಿ ಅಮೆರಿಕದ ಮೂವರು ಓಡಿದರು. ಕೆನಡಾದವರು ಒಬ್ಬರೂ ಇರಲಿಲ್ಲ. ರಿಲೇಯಲ್ಲಿ ಚಿನ್ನ ಹೋಗಿದ್ದು ಕೆನಡಾಕ್ಕೆ, 37.50 ಸೆಕೆಂಡಿನಲ್ಲಿ. ಅಮೆರಿಕದ ಮೊದಲ ಓಟಗಾರ ಕೋಲ್ಮನ್ ಹತ್ತಿರ ಬರುವ ಮೊದಲೇ ಎರಡನೆಯ ಓಟಗಾರ ಬೆಡ್ನರೆಕ್ ಹೊರಟುಬಿಟ್ಟರು. ಬ್ಯಾಟನ್ ದಾಟಿಸಲು ಗೆರೆ ಎಳೆದಿಟ್ಟ 30 ಮೀಟರ್ ಜಾಗದೊಳಗೆ ಅದು ಕೈ ಬದಲಾಗಲಿಲ್ಲ. ತಂಡ ಅನರ್ಹ. ಕೆನಡಾದ ಆ ನಾಲ್ವರು ಹೊಸಬರಲ್ಲ. ಟೋಕಿಯೋ ಒಲಿಂಪಿಕ್ಸ್‌ನ ರಿಲೇಯಲ್ಲಿ ಪದಕ ಗೆದ್ದಿದ್ದೂ, 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದಿದ್ದೂ ಅವರೇ.

ಇನ್ನೂ ಹಳೆಯದೊಂದು ನನಗೆ ಬಹಳ ಇಷ್ಟ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಇದೇ ರಿಲೇಯಲ್ಲಿ ಜಪಾನ್ ಬೆಳ್ಳಿ ಗೆದ್ದಾಗ ಆ ನಾಲ್ವರಲ್ಲಿ ಒಬ್ಬರೂ 100 ಮೀಟರನ್ನು ಅಧಿಕೃತವಾಗಿ 10 ಸೆಕೆಂಡಿನೊಳಗೆ ಓಡಿದವರಲ್ಲ. ನಾಲ್ವರ ಸಮಯ ಕೂಡಿಸಿದರೆ 40 ದಾಟುತ್ತದೆ. ಓಡಿದ್ದು 37.60! ಮೊದಲಿನವರನ್ನು ಬಿಟ್ಟು ಉಳಿದ ಮೂವರಿಗೂ ಓಡುತ್ತಲೇ ಬ್ಯಾಟನ್ ಸಿಗುವುದರಿಂದ ಸಮಯ ಉಳಿಯುತ್ತದೆ. ಆದರೆ ಅದು ಉಳಿಯುವುದು ವೇಗ ತಗ್ಗದೆ ಕೈ ಬದಲಾದರೆ ಮಾತ್ರ. ಜಪಾನಿನವರು ಕೆಳಗಿನಿಂದ ಬ್ಯಾಟನ್ ಕೊಡುವ ರೀತಿಯನ್ನೇ ಪಟ್ಟು ಹಿಡಿದು ಕಲಿತರು.

ವೇಗ ಬೇಡ ಅಂತಲ್ಲ. 2023ರಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ಯಾಟನ್ ಸರಿಯಾಗಿ ದಾಟಿತು, ಅಮೆರಿಕವೇ ಗೆದ್ದಿತು.

ಹೈಸ್ಕೂಲಿನಲ್ಲಿ ನಾನೂ ರಿಲೇ ಓಡಿದವನು. ಪಿ.ಟಿ. ಮೇಷ್ಟ್ರು ನನ್ನ ಹಿಂದೆ ಹೆಜ್ಜೆ ಎಣಿಸಿ ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಬ್ಯಾಟನ್ ತರುವ ಗೆಳೆಯ ಆ ಗೆರೆ ತುಳಿದ ಕೂಡಲೇ ನಾನು ಹೊರಡಬೇಕು. ಆಮೇಲೆ ತಿರುಗಿ ನೋಡುವಂತಿಲ್ಲ. ಅವನು "ಹಾಂ" ಅಂದಾಗ ಕೈ ಹಿಂದಕ್ಕೆ ಚಾಚಬೇಕು, ಅಷ್ಟೇ. ಓಡೋದು ಸುಲಭ, ತಿರುಗಿ ನೋಡದೆ ಇರೋದೇ ಕಷ್ಟ. ಆ ಗೆರೆಯನ್ನು ಮೇಷ್ಟ್ರು ಎಷ್ಟು ಸಲ ಅಳಿಸಿ ಎಳೆದರೋ! ಗೆಳೆಯ ಸುಸ್ತಾದ ಸಂಜೆ ಅರ್ಧ ಹೆಜ್ಜೆ ಹತ್ತಿರಕ್ಕೆ, ಬೆಳಿಗ್ಗೆ ಮತ್ತೆ ದೂರಕ್ಕೆ. ಅವನ ಓಟ ನನಗೆ ಬೆನ್ನಿನಿಂದಲೇ ಗೊತ್ತಾಗಲು ಎರಡು ವಾರ ಹಿಡಿಯಿತು.

ನಿಮ್ಮ ಆರು ಜನಕ್ಕೆ ಇಂಥ ಎರಡು ವಾರ ಸಿಕ್ಕಿತ್ತಾ? ಜಾಣರಿಗೆ ಒಂದು ತೊಂದರೆ ಇದೆ. ಮೊದಲಿಂದಲೂ ಅವರಿಗೆ ಹೊಗಳಿಕೆ ಸಿಕ್ಕಿದ್ದು ಸ್ವಂತ ಓಟಕ್ಕೆ. ಕೊಡುವುದನ್ನು, ತಗೊಳ್ಳುವುದನ್ನು ಯಾರೂ ಅಳೆದಿರುವುದಿಲ್ಲ. ಅದು ಅವರ ತಪ್ಪಲ್ಲ, ಆರಿಸಿದವರು ಯೋಚಿಸಬೇಕಿತ್ತು.

ನಿಮ್ಮ ಪತ್ರದಲ್ಲಿ ಸುಮ್ನೆ ಹಾದುಹೋಗುವ ಒಂದು ಮಾತಿದೆ: ಲೆಕ್ಕದವರು ಪಟ್ಟಿ ಕಳಿಸಿದ್ದರು, ಖರೀದಿಯವರು ಅದನ್ನು ನೋಡಿದ್ದು ನಾಲ್ಕು ದಿನ ಆದ ಮೇಲೆ. ಇಬ್ಬರೂ ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ. ಬ್ಯಾಟನ್ ಮಾತ್ರ ನಾಲ್ಕು ದಿನ ನೆಲದ ಮೇಲಿತ್ತು. ಮುಂದಿನ ಕೆಲಸ ಶುರುವಾಗುವ ಮೊದಲು ಆ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ. ಪಟ್ಟಿ ಯಾವತ್ತು, ಯಾರ ಕೈಗೆ, "ಸಿಕ್ಕಿತು" ಅಂತ ಹೇಳೋದು ಯಾರು ಅಂತ ಅವರೇ ಗೊತ್ತು ಮಾಡಿಕೊಳ್ಳಲಿ. ಏನಾಯಿತು ಅಂತ ನನಗೂ ಬರೆಯಿರಿ.