ಮಸಾಲೆ ಕಂಪನಿಯಲ್ಲಿ ಮೂರು ಕಡೆ ಮೂರು ಲೆಕ್ಕ: ತಾಳೆ ಮಾಡುವುದು ಹೇಗೆ?

ನೀವು ಕೇಳಿದ್ದು ಇದು: ಮಸಾಲೆ ಪುಡಿ ಮಾಡುವ ಕಂಪನಿ, ಎರಡು ಘಟಕ. ಸ್ಟೋರಿನವರ ಲೆಕ್ಕ ಎಕ್ಸೆಲ್‌ನಲ್ಲಿ, ಪ್ರೊಡಕ್ಷನ್‌ನವರದು ರಿಜಿಸ್ಟರಿನಲ್ಲಿ, ಅಕೌಂಟ್ಸ್‌ನವರದು ಟ್ಯಾಲಿ ಸಾಫ್ಟ್‌ವೇರಿನಲ್ಲಿ. ತಿಂಗಳ ಕೊನೆಗೆ ಮೂರೂ ತಾಳೆ ಆಗುತ್ತಿಲ್ಲ. ಎಲ್ಲವನ್ನೂ ಒಂದೇ ಕಡೆ ತರಲು ಇಆರ್‌ಪಿ (ಎಲ್ಲ ವಿಭಾಗದ ಲೆಕ್ಕವನ್ನೂ ಒಟ್ಟಿಗೆ ಇಡುವ ಸಾಫ್ಟ್‌ವೇರ್) ಹಾಕಿಸಬೇಕೋ, ಪವರ್ ಬಿಐ (ಅಂಕಿಗಳನ್ನು ರಿಪೋರ್ಟ್, ಚಾರ್ಟ್ ಮಾಡಿ ತೋರಿಸುವ ಸಾಫ್ಟ್‌ವೇರ್) ಸಾಕೋ?

ನಾನೂ ಇಂಥದ್ದೇ ಕಂಪನಿಯಲ್ಲಿ ಸ್ಟೋರ್ಸ್ ಮತ್ತು ಎಂಐಎಸ್ (ಮಾಲೀಕರಿಗೆ ಕೊಡುವ ಲೆಕ್ಕದ ರಿಪೋರ್ಟುಗಳು) ಎರಡನ್ನೂ ನೋಡಿಕೊಳ್ಳುತ್ತೇನೆ. ನನ್ನ ಸಲಹೆ: ಸಾಫ್ಟ್‌ವೇರಿನ ಮಾತನ್ನು ಒಂದು ತಿಂಗಳು ಪಕ್ಕಕ್ಕಿಡಿ. ರಿಪೋರ್ಟಿನ ಪ್ರತಿ ಅಂಕಿಯೂ ಏನನ್ನು, ಎಲ್ಲಿ, ಯಾವಾಗ ತೂಗಿದ್ದು ಅಂತ ಮೊದಲು ಮೂರೂ ವಿಭಾಗದವರು ಕೂತು ಒಪ್ಪಬೇಕು. ಅದಾಗದೆ ಮೂರು ಫೈಲನ್ನು ಒಂದೇ ಕಡೆ ಸುರಿದರೆ ವ್ಯತ್ಯಾಸ ಹಾಗೇ ಉಳಿಯುತ್ತದೆ, ದುಡ್ಡು ಮಾತ್ರ ಖರ್ಚಾಗಿರುತ್ತದೆ.

ಬ್ಯಾಡಗಿ ಮಾರುಕಟ್ಟೆಯಿಂದ ಒಂದು ಲಾರಿ ಮೆಣಸಿನಕಾಯಿ ಬಂತು ಅಂದುಕೊಳ್ಳಿ. ವೇಬ್ರಿಜ್ ಚೀಟಿಯಲ್ಲಿರುವುದು ಗೋಣಿಚೀಲವೂ ಸೇರಿದ ತೂಕ. ಸ್ಟೋರಿನವರು ಅದನ್ನೇ ಬರೆದುಕೊಳ್ಳುತ್ತಾರೆ. ಅಕೌಂಟ್ಸ್‌ನವರಿಗೆ ಬೇಕಾದದ್ದು ದಲಾಲರ ಬಿಲ್ಲು. ಅದರಲ್ಲಿ ಚೀಲದ ತೂಕ ಕಳೆದಿರುತ್ತದೆ. ಪ್ರೊಡಕ್ಷನ್‌ನವರು ತೂಗುವುದು ತೊಟ್ಟು ಬಿಡಿಸಿ, ಒಣಗಿಸಿ, ಗ್ರೈಂಡರಿಗೆ ಹಾಕುವ ಹೊತ್ತಿಗೆ. ಮೂವರ ತೂಕವೂ ಸರಿಯೇ. ಆದರೆ ಮೂರು ಕಡೆಯೂ ಬರೆದದ್ದು ಮಾತ್ರ ಒಂದೇ: ‘ಮೆಣಸಿನಕಾಯಿ, ಕೆಜಿ’.

ಇಲ್ಲಿ ತೇವಾಂಶದ ಲೆಕ್ಕ ಬಹಳ ಮುಖ್ಯ. ಶೇ. 14ರಷ್ಟು ತೇವ ಇರುವ 1,000 ಕೆಜಿ ಮೆಣಸಿನಕಾಯಿಯಲ್ಲಿ ನೀರು ಬಿಟ್ಟು ಉಳಿಯುವುದು 860 ಕೆಜಿ. ಅದನ್ನು ಶೇ. 10ಕ್ಕೆ ಒಣಗಿಸಿದರೆ ತೂಕ ಸುಮಾರು 956 ಕೆಜಿ ಆಗುತ್ತದೆ. ಅಂದರೆ ಒಂದು ಟನ್ನಿಗೆ 44 ಕೆಜಿ ಸುಮ್ನೆ ಆವಿಯಾಗಿ ಹೋಯಿತು. ತೊಟ್ಟು, ಧೂಳು, ಬೀಜ ಉದುರಿದ್ದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಈ 44 ಕೆಜಿಗೆ ಪುಸ್ತಕದಲ್ಲಿ ಒಂದು ಹೆಸರು ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ‘ಮಾಲು ಎಲ್ಲಿ ಹೋಯಿತು’ ಅನ್ನುವ ಪ್ರಶ್ನೆ ಗೋದಾಮಿನಲ್ಲಿ ಚೀಲ ಹೊರುವವರ ಮೇಲೆ ಬೀಳುತ್ತದೆ. ಲೆಕ್ಕ ಸರಿ ಇಡಬೇಕು ಅಂತ ನಾನು ಇಷ್ಟು ಹಟ ಹಿಡಿಯುವುದಕ್ಕೆ ಮುಖ್ಯ ಕಾರಣವೇ ಇದು. ಖಾರದ ಪುಡಿಯಲ್ಲಿ ತೇವ ಶೇ. 11 ಮೀರಬಾರದು ಅಂತ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮವಿದೆ. ಹಾಗಾಗಿ ನಿಮ್ಮ ಲ್ಯಾಬಿನಲ್ಲಿ ತೇವಾಂಶ ಹೇಗೂ ನೋಡುತ್ತಾರೆ. ಆ ಅಂಕಿ ಲ್ಯಾಬಿನ ಪುಸ್ತಕದಲ್ಲೇ ಉಳಿಯುವುದು ಬೇಡ. ಮಾಲು ಒಳಗೆ ಬಂದಾಗ ಒಮ್ಮೆ, ಗ್ರೈಂಡರಿಗೆ ಹೋಗುವಾಗ ಒಮ್ಮೆ, ತೂಕದ ಪಕ್ಕದಲ್ಲೇ ಬರೆಸಿ.

ಪ್ಯಾಕಿಂಗ್ ಕಡೆ ಬಂದರೆ ಇನ್ನೊಂದು ವ್ಯತ್ಯಾಸ. ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ತೂಕ ಕಡಿಮೆ ಬಂದರೆ ಲೀಗಲ್ ಮೆಟ್ರಾಲಜಿಯವರು (ತೂಕ, ಅಳತೆ ನೋಡುವ ಸರ್ಕಾರಿ ಇಲಾಖೆ) ಕೇಸು ಹಾಕಬಹುದು. ಅದಕ್ಕೇ ಆಪರೇಟರ್ ಮಷಿನ್ನನ್ನು ಸ್ವಲ್ಪ ಜಾಸ್ತಿಗೇ ಇಟ್ಟಿರುತ್ತಾನೆ. 200 ಗ್ರಾಂ ಪ್ಯಾಕೆಟ್ಟಿಗೆ ಸರಾಸರಿ 203 ಗ್ರಾಂ ಬೀಳುತ್ತಿದೆ ಅಂದುಕೊಳ್ಳಿ. 50,000 ಪ್ಯಾಕೆಟ್ ಮಾರಿದರೆ ಸೇಲ್ಸ್ ರಿಪೋರ್ಟಿನಲ್ಲಿ 10,000 ಕೆಜಿ. ಖರ್ಚಾದ ಪುಡಿ 10,150 ಕೆಜಿ. ಈ 150 ಕೆಜಿ ‘ವೇಸ್ಟೇಜ್’ ಅಲ್ಲ, ಗಿರಾಕಿಯ ಮನೆಗೆ ಹೋಗಿದೆ. ನಿಜವಾದ ವೇಸ್ಟೇಜ್, ಜಾಸ್ತಿ ತುಂಬಿದ್ದು ಎರಡನ್ನೂ ಒಂದೇ ತಲೆಬರಹದಡಿ ಹಾಕಿದರೆ ಯಾವುದನ್ನು ಸರಿ ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪ್ಯಾಕಿಂಗ್ ವಿಭಾಗದ ಲೆಕ್ಕ ಯಾವಾಗಲೂ ಪ್ಯಾಕೆಟ್ ಎಣಿಕೆಯಲ್ಲೇ ಇರಲಿ. ತುಂಬಿದ ಸರಾಸರಿ ತೂಕಕ್ಕೆ ಬೇರೆ ಕಾಲಂ ಇಡಿ.

ಸೀಲ್ ಸರಿಯಾಗಿ ಬೀಳದ ಪ್ಯಾಕೆಟ್ ಕತ್ತರಿಸಿ ಪುಡಿಯನ್ನು ಮತ್ತೆ ಪ್ಯಾಕಿಂಗ್ ಮಷಿನ್ನಿನ ಹಾಪರಿಗೆ (ಪುಡಿ ಸುರಿಯುವ ಬಾಯಿಗೆ) ಹಾಕುತ್ತಾರೆ, ಅಲ್ವಾ? ಆ ಪುಡಿ ಎರಡು ಸಲ ‘ಉತ್ಪಾದನೆ’ ಆಗಿಬಿಡುತ್ತದೆ. ರೀವರ್ಕ್ ಅಂತ ಪ್ರತ್ಯೇಕ ಎಂಟ್ರಿ ಬೇಕು, ಬ್ಯಾಚ್ ನಂಬರ್ ಸಮೇತ. ಇದು ಬರೀ ಲೆಕ್ಕದ ವಿಷಯವಲ್ಲ. ಸಾಂಬಾರ್ ಪುಡಿಯಲ್ಲಿ ಇಂಗು ಇರುತ್ತದೆ, ಕೂಟು ಇಂಗಿನಲ್ಲಿ (ಹಿಟ್ಟು, ಅಂಟು ಬೆರೆಸಿ ಮಾಡಿದ ಇಂಗು) ಎಷ್ಟೋ ಸಲ ಗೋಧಿ ಹಿಟ್ಟು ಇರುತ್ತದೆ. ಆ ರೀವರ್ಕ್ ತಪ್ಪಿ ಬರೀ ಖಾರದ ಪುಡಿಗೆ ಸೇರಿದರೆ, ಗೋಧಿ ಒಗ್ಗದವರಿಗೆ ತೊಂದರೆಯಾಗುತ್ತದೆ. ಲೇಬಲ್ ನೋಡಿ ಅವರಿಗೆ ಗೊತ್ತಾಗುವುದೂ ಇಲ್ಲ.

ರಾತ್ರಿ ಶಿಫ್ಟಿನ ತಾರೀಖು ಯಾವುದು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ನಾವು ಶಿಫ್ಟ್ ಶುರುವಾದ ದಿನವನ್ನೇ ಹಿಡಿಯುತ್ತೇವೆ. ಯಾವುದಾದರೂ ಸರಿ, ಎರಡೂ ಘಟಕದಲ್ಲಿ ಒಂದೇ ಇರಬೇಕು. ಹಾಗೆಯೇ ಎರಡೂ ಕಡೆಯ ತಕ್ಕಡಿಗಳ ಮೇಲೆ ಒಂದೇ ತೂಕದ ಕಲ್ಲು ಇಟ್ಟು ನೋಡಿ. ತಕ್ಕಡಿಯೇ ಬೇರೆ ಬೇರೆ ತೋರಿಸಿದರೆ ಮುಂದಿನದೆಲ್ಲ ವ್ಯರ್ಥ.

ಇದೆಲ್ಲ ಒಂದೆರಡು ಹಾಳೆಯಲ್ಲಿ ಬರೆದು ಮಾಲೀಕರ ಸಹಿ ಹಾಕಿಸಿ. ಆಮೇಲೆ ಐಟಂ ಮಾಸ್ಟರ್, ಅಂದರೆ ಎಲ್ಲ ಮಾಲಿನ ಹೆಸರು, ಕೋಡ್ ಇರುವ ಒಂದೇ ಪಟ್ಟಿ. ಒಂದೇ ಮಾಲು ಒಬ್ಬರ ಹತ್ತಿರ ‘ಬ್ಯಾಡಗಿ’, ಇನ್ನೊಬ್ಬರ ಹತ್ತಿರ ‘ಕಡ್ಡಿ’, ಮತ್ತೊಬ್ಬರ ಹತ್ತಿರ ‘ಮೆಣಸಿನಕಾಯಿ ನಂ. 1’ ಆಗಿರುತ್ತದೆ. ಎಲ್ಲದಕ್ಕೂ ಒಂದೊಂದೇ ಕೋಡ್ ಕೊಡಿ. ಕೋಡಿನೊಳಗೆ ಊರು, ವರ್ಷ, ಗ್ರೇಡು ಎಲ್ಲ ತುರುಕಬೇಡಿ. ಅವಕ್ಕೆ ಬೇರೆ ಕಾಲಂ ಇವೆ. ಹೊಸ ಐಟಂ ಸೇರಿಸುವ ಅಧಿಕಾರ ಒಬ್ಬರಿಗೇ ಇರಲಿ. ಈ ಕೆಲಸಕ್ಕೆ ಕಂಪ್ಯೂಟರ್ ಬಲ್ಲವರಿಗಿಂತ ಹಳೆಯ ಸ್ಟೋರ್ ಕೀಪರ್ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ. ಯಾವ ಹೆಸರು ಯಾವ ಮಾಲಿನದು ಅಂತ ಅವರಿಗೆ ಬಾಯಿಪಾಠ ಇರುತ್ತದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಪಟ್ಟಿ ಮಾಡಿ.

ಇನ್ನು ಡೇಟಾ ಒಂದೇ ಕಡೆ ತರುವ ಮಾತು. ಮಾಲು ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಒಂದು ಸಾಲು ಬರೆಯಬೇಕು: ತಾರೀಖು, ಶಿಫ್ಟ್, ಐಟಂ, ಬ್ಯಾಚ್, ಎಲ್ಲಿಂದ, ಎಲ್ಲಿಗೆ, ಎಷ್ಟು, ಯಾರು. ಅದನ್ನು ಬರೆಯುವವರು ಆ ಜಾಗದಲ್ಲೇ ಇರುವವರು. ಸಂಜೆ ಆಫೀಸಿನಲ್ಲಿ ಕೂತು ಯಾರೋ ಟೈಪ್ ಮಾಡುವುದಲ್ಲ. ಸ್ಟಾಕು, ಉತ್ಪಾದನೆ, ಇಳುವರಿ ಎಲ್ಲವೂ ಈ ಸಾಲುಗಳಿಂದಲೇ ಲೆಕ್ಕವಾಗಿ ಬರಬೇಕು. ಮೊತ್ತವನ್ನು ಯಾರೂ ಕೈಯಾರೆ ಟೈಪ್ ಮಾಡಬಾರದು. ತಪ್ಪಾದರೆ ಹಳೇ ಸಾಲು ಅಳಿಸದೆ, ಅದನ್ನು ರದ್ದು ಮಾಡುವ ಎದುರು ಎಂಟ್ರಿ ಹಾಕಿ. ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು ಅಂತ 2023ರ ಏಪ್ರಿಲ್ 1ರಿಂದ ಕಾನೂನೇ ಇದೆ. ಅದೇ ಶಿಸ್ತನ್ನು ಸ್ಟೋರಿಗೂ ತನ್ನಿ. ತೂಕದ ಮಷಿನ್ ಪಕ್ಕ ಒಂದು ಟ್ಯಾಬ್ಲೆಟ್ ಇಡಿ. ಐಟಂ ಹೆಸರು ಕನ್ನಡದಲ್ಲಿರಲಿ. ಆ ಜಾಗಕ್ಕೆ ಬೇಕಾದ ಹತ್ತು ಹದಿನೈದು ಐಟಂ ಮಾತ್ರ ಕಾಣಿಸಲಿ. ಕೈಗೆ ಗ್ಲೌಸ್ ಹಾಕಿಕೊಂಡು, ಖಾರದ ಘಾಟಿನಲ್ಲಿ ನಿಂತವರು ಉದ್ದನೆಯ ಪಟ್ಟಿ ಹುಡುಕುತ್ತಾ ಕೂರುವುದಕ್ಕೆ ಆಗಲ್ಲ.

ಬ್ಯಾಚ್ ನಂಬರಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯನ್ನೂ ಕೊಡಬೇಡಿ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದವರು ಭಾರತದ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ (ಕ್ರಿಮಿ ಕೊಲ್ಲಲು ಬಳಸುವ ರಾಸಾಯನಿಕ) ಇದೆ ಅಂತ ಮಾರಾಟ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಅಂಥ ಹೊತ್ತಿನಲ್ಲಿ ‘ಈ ಪ್ಯಾಕೆಟ್ಟಿಗೆ ಯಾವ ಲಾಟಿನ ಮೆಣಸಿನಕಾಯಿ ಹೋಗಿದೆ, ಅದೇ ಲಾಟು ಇನ್ಯಾವ ಪ್ಯಾಕೆಟ್ಟಿಗೆ ಹೋಗಿದೆ, ಅವೆಲ್ಲ ಯಾವ ಅಂಗಡಿಯಲ್ಲಿವೆ’ ಅಂತ ಗಂಟೆಗಳಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಮಾರುಕಟ್ಟೆಯಲ್ಲಿರುವ ಮಾಲನ್ನೆಲ್ಲ ವಾಪಸ್ ತರಿಸಬೇಕಾಗುತ್ತದೆ. ಹೀಗೆ ವಾಪಸ್ ತರಿಸುವ ‘ರೀಕಾಲ್’ ಬಗ್ಗೆ ಎಫ್‌ಎಸ್‌ಎಸ್‌ಎಐ 2017ರಲ್ಲೇ ಪ್ರತ್ಯೇಕ ನಿಯಮಾವಳಿ ತಂದಿದೆ. ನಿಮ್ಮ ಸಿಸ್ಟಂ ರೆಡಿಯಾಯಿತು ಅನ್ನಿಸಿದ ದಿನ ಅಂಗಡಿಯಿಂದ ಒಂದು ಪ್ಯಾಕೆಟ್ ತಂದು ಈ ಪರೀಕ್ಷೆ ಮಾಡಿ ನೋಡಿ.

ಈಗ ಸಾಫ್ಟ್‌ವೇರ್. ಪವರ್ ಬಿಐ ತೋರಿಸುವ ಸಾಧನ, ಎಂಟ್ರಿ ಸರಿ ಮಾಡುವುದು ಅದರ ಕೆಲಸವಲ್ಲ. ಮೊದಲು ಅದನ್ನೇ ಹಾಕಿಸಬೇಡಿ. ಟ್ಯಾಲಿಯಲ್ಲೇ ಗೋಡೌನ್, ಬ್ಯಾಚ್, ಮ್ಯಾನುಫ್ಯಾಕ್ಚರಿಂಗ್ ಜರ್ನಲ್ (ಯಾವ ಕಚ್ಚಾ ಮಾಲಿನಿಂದ ಎಷ್ಟು ಮಾಲು ತಯಾರಾಯಿತು ಅನ್ನುವ ಎಂಟ್ರಿ) ಇವೆ. ಐಟಂ ಕಡಿಮೆ ಇದ್ದರೆ ಅದರಲ್ಲೇ ಬಹಳ ದೂರ ಹೋಗಬಹುದು. ಲ್ಯಾಬ್ ತಪಾಸಣೆ, ರೀವರ್ಕ್, ಎರಡು ಘಟಕದ ನಡುವಿನ ಸಾಗಣೆ ಎಲ್ಲ ಜಾಸ್ತಿ ಇದ್ದರೆ ಇಆರ್‌ಪಿ ಬೇಕು. ಇಆರ್‌ಪಿನೆಕ್ಸ್ಟ್ ಅನ್ನುವ ಇಆರ್‌ಪಿ ಓಪನ್ ಸೋರ್ಸ್, ಲೈಸೆನ್ಸ್ ದುಡ್ಡು ಇಲ್ಲ. ಆದರೆ ಅಳವಡಿಸುವವರಿಗೆ ಕೊಡುವ ಖರ್ಚು, ನಿಮ್ಮವರ ಸಮಯ ಎರಡೂ ಬೇಕೇ ಬೇಕು.

ಯಾವುದನ್ನೇ ತಗೊಂಡರೂ ಒಂದೇ ಘಟಕದಲ್ಲಿ, ಒಂದೇ ಮಾಲಿನಿಂದ ಶುರು ಮಾಡಿ. ಖಾರದ ಪುಡಿ ಒಳ್ಳೆಯದು. ಹಳೇ ರಿಜಿಸ್ಟರ್ ಜೊತೆಗೇ ನಡೆಯಲಿ. ದಿನಾ ಬೆಳಿಗ್ಗೆ ನಿನ್ನೆಯ ವ್ಯತ್ಯಾಸ ನೋಡಿ, ಅದನ್ನು ತೇವ, ತೊಟ್ಟು, ಧೂಳು, ಜಾಸ್ತಿ ತುಂಬಿದ್ದು, ಸ್ಯಾಂಪಲ್, ರೀವರ್ಕ್ ಅಂತ ಹಂಚಿ. ಉಳಿದದ್ದನ್ನು ‘ಕಾರಣ ಗೊತ್ತಿಲ್ಲ’ ಅಂತಲೇ ಪ್ರಾಮಾಣಿಕವಾಗಿ ಬರೆಯಿರಿ. ಆ ಸಾಲು ಚಿಕ್ಕದಾಗಿ ಒಂದು ಮಟ್ಟಕ್ಕೆ ನಿಂತ ಮೇಲೆ ಧನಿಯಾ ಪುಡಿಗೆ ಹೋಗಿ. ಮೇ 31ರೊಳಗೆ ಕೊಡಬೇಕಾದ ಎಫ್‌ಎಸ್‌ಎಸ್‌ಎಐ ವಾರ್ಷಿಕ ರಿಟರ್ನ್ಸ್‌ಗೂ ಆಗ ಇದೇ ಅಂಕಿ ಸಿಗುತ್ತದೆ, ಬೇರೆ ಕೂಡಿಸುವ ಕೆಲಸ ಇರುವುದಿಲ್ಲ.

ಮಾಲೀಕರಿಗೂ ಒಂದು ಮಾತು ಹೇಳಿಬಿಡಿ: ಸಿಸ್ಟಂ ಶುರುವಾದ ಮೇಲೆ ವಾಟ್ಸ್‌ಆ್ಯಪಿನಲ್ಲಿ ‘ನಿನ್ನೆ ಎಷ್ಟಾಯ್ತು’ ಅಂತ ಸೂಪರ್‌ವೈಸರನ್ನು ಕೇಳಬಾರದು. ಕೇಳಿದರೆ ಅವರು ಅಂದಾಜಿನ ಮೇಲೆ ಒಂದು ಅಂಕಿ ಹೇಳುತ್ತಾರೆ, ನಾಲ್ಕನೇ ಲೆಕ್ಕ ಹುಟ್ಟುತ್ತದೆ. ತಿಂಗಳಿಗೆ ಎಷ್ಟು ಬ್ಯಾಚ್ ಆಗುತ್ತದೆ, ಎಷ್ಟು ಬಗೆಯ ಪ್ಯಾಕೆಟ್ ಇದೆ ಅಂತ ಕೆಳಗೆ ತಿಳಿಸಿ. ನಿಮಗೆ ಟ್ಯಾಲಿ ಸಾಕೋ ಇಲ್ಲವೋ ಆಗ ಇನ್ನೂ ಖಚಿತವಾಗಿ ಹೇಳುತ್ತೇನೆ.