ಮೇಷ್ಟ್ರೇ, ಆಟಕ್ಕಿಂತ ಮೊದಲು ಪುಸ್ತಕ ಇತ್ತು

ಪ್ರಿಯ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಎರಡು ಪುಟದ ಕಾಗದ ತಲುಪಿತು. ಹೋದ ಸಂಚಿಕೆಯಲ್ಲಿ ರಷ್ಯಾದ ದ್ಮಿತ್ರಿ ಗ್ಲುಖೋವ್ಸ್ಕಿ ಬಗ್ಗೆ ನಾವು ನಾಲ್ಕು ಸಾಲು ಹಾಕಿದ್ದು ನಿಮಗೆ ಸಿಟ್ಟು ತರಿಸಿದೆ. "ಟಾಲ್‌ಸ್ಟಾಯ್, ಚೆಕಾಫ್ ಹುಟ್ಟಿದ ನಾಡಿನಲ್ಲಿ ವಿಡಿಯೋ ಗೇಮಿಗೆ ಕಥೆ ಹೊಸೆಯುವವನನ್ನು ಸಾಹಿತಿ ಅಂತ ಕರೆಯೋದೇ? ನನ್ನ ಮೊಮ್ಮಗ ಊಟ ಬಿಟ್ಟು ಆಡುವ ಆ ಗುಂಡು ಹಾರಿಸುವ ಆಟ ಇವರದ್ದೇ ಅಲ್ವಾ? ಲೋಕ ಮುಳುಗಿತು ಅಂತ ಹೆದರಿಸಿ ದುಡ್ಡು ಮಾಡುವುದು ಯಾವ ಸಾಹಿತ್ಯ?" ಅಂತ ಕೇಳಿದ್ದೀರಿ. ನಾಲ್ಕು ಸಾಲು ಹಾಕಿ ಬಿಟ್ಟಿದ್ದು ನಮ್ಮದೇ ತಪ್ಪು. ಈಗ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಒಂದು ತಿದ್ದುಪಡಿ. ಆಟಕ್ಕಾಗಿ ಬರೆದ ಕಥೆ ಅಲ್ಲ ಇದು. ಗ್ಲುಖೋವ್ಸ್ಕಿ ಹುಟ್ಟಿದ್ದು 1979ರಲ್ಲಿ, ಮಾಸ್ಕೋದಲ್ಲಿ. ‘ಮೆಟ್ರೋ 2033’ ಅವರ ಹದಿಹರೆಯದಲ್ಲಿ ಮೊಳೆತ ಕಾದಂಬರಿ. ಪ್ರಕಾಶಕರು ಬೇಡ ಅಂದರು. ಅವರು ಸುಮ್ನೆ ಕೂರಲಿಲ್ಲ. 2002ರಲ್ಲಿ ಪೂರ್ತಿ ಕಾದಂಬರಿಯನ್ನು ತಮ್ಮದೇ ಇಂಟರ್ನೆಟ್ ತಾಣದಲ್ಲಿ ಬಿಟ್ಟಿಯಾಗಿ ಹಾಕಿದರು. ಆ ರೂಪದಲ್ಲಿ ಕಥಾನಾಯಕ ಆರ್ತ್ಯೋಮ್ ಸತ್ತುಹೋಗುತ್ತಿದ್ದ. ಓದುಗರು ಒಪ್ಪಲಿಲ್ಲ, ಮುಂದೆ ಬರೆಯಿರಿ ಅಂತ ಹಟ ಹಿಡಿದರು. ಅವರು ಕಥೆಯನ್ನು ಮುಂದುವರಿಸಿ ತಿದ್ದಿದ ಮೇಲೆ 2005ರಲ್ಲಿ ಅದು ಪುಸ್ತಕವಾಗಿ ಬಂತು. ಅದೇ ಹೆಸರಿನ ಆಟ ಬಂದದ್ದು 2010ರಲ್ಲಿ. ಅದನ್ನು ಮಾಡಿದವರು ರಷ್ಯಾದವರೂ ಅಲ್ಲ, ಉಕ್ರೇನಿನ ಕೀವ್ ನಗರದ ಹುಡುಗರು. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇನ್ನು ಹೆದರಿಸುವ ಮಾತು. ಕಾದಂಬರಿಯಲ್ಲಿ ಅಣುಬಾಂಬು ಬಿದ್ದು ಇಪ್ಪತ್ತು ವರ್ಷ ಆಗಿದೆ. ಬದುಕುಳಿದವರು ಮಾಸ್ಕೋದ ಮೆಟ್ರೋ ನಿಲ್ದಾಣಗಳಲ್ಲಿ ಸಂಸಾರ ಹೂಡಿದ್ದಾರೆ. ಇದು ಪೂರಾ ಗಾಳಿಗೋಪುರ ಏನಲ್ಲ. ಆ ಮೆಟ್ರೋ 1935ರಿಂದ ಓಡುತ್ತಿದೆ. 1941ರಲ್ಲಿ ಜರ್ಮನ್ ವಿಮಾನಗಳು ಬಾಂಬು ಹಾಕುವಾಗ ಜನ ರಾತ್ರಿ ಮಲಗಿದ್ದು ಅಲ್ಲೇ. ಅದೇ ವರ್ಷ ನವೆಂಬರಿನಲ್ಲಿ ಸ್ಟಾಲಿನ್ ಕ್ರಾಂತಿಯ ದಿನದ ಭಾಷಣ ಮಾಡಿದ್ದೂ ಮಾಯಕೋವ್ಸ್ಕಾಯಾ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ. ಗಾಳಿ ನುಗ್ಗದ ಹಾಗೆ ಮುಚ್ಚುವ ಭಾರೀ ಉಕ್ಕಿನ ಬಾಗಿಲುಗಳು ಇವತ್ತಿಗೂ ಅಲ್ಲಿವೆ. ಪಾರ್ಕ್ ಪೊಬೇದಿ ಅನ್ನುವ ನಿಲ್ದಾಣ ನೆಲದಿಂದ 84 ಮೀಟರ್ ಕೆಳಗಿದೆ. ದಿನಾ ಇಂಥ ಮೆಟ್ಟಿಲು ಇಳಿದು ಶಾಲೆಗೆ ಹೋಗುವ ಹುಡುಗನ ತಲೆಯಲ್ಲಿ ಈ ಕಥೆ ಹುಟ್ಟದೆ ಇನ್ಯಾರ ತಲೆಯಲ್ಲಿ ಹುಟ್ಟಬೇಕು ಹೇಳಿ.

ಪುಸ್ತಕದಲ್ಲಿ ಬಾಂಬಿನ ಮಾತು ಕಮ್ಮಿ. ಕೆಳಗಿನ ಬಾಳುವೆಯದ್ದೇ ಜಾಸ್ತಿ. ಹಂದಿ ಸಾಕುತ್ತಾರೆ, ಅಣಬೆ ಬೆಳೆಯುತ್ತಾರೆ, ಅಣಬೆಯಿಂದಲೇ ಚಹಾ ಮಾಡಿ ಮಾರುತ್ತಾರೆ. ದುಡ್ಡಿನ ಬದಲು ಬಂದೂಕಿನ ಗುಂಡು. ಒಂದು ಲೋಟ ಚಹಾಕ್ಕೆ ಇಷ್ಟು ಗುಂಡು ಅಂತ ಲೆಕ್ಕ. ಯಾರನ್ನಾದರೂ ಹೊಡೆದರೆ ಜೇಬಿನ ಕಾಸು ಖರ್ಚಾದ ಹಾಗೆ! ಲೋಕವೇ ಹೋಗಿದೆ, ಆದರೂ ಜಗಳ ಹೋಗಿಲ್ಲ. ಒಂದು ಮಾರ್ಗ ಕಮ್ಯುನಿಸ್ಟರದು. ವರ್ತುಲ ಮಾರ್ಗ ವ್ಯಾಪಾರಿಗಳದು, ದಾಟಲು ಪರವಾನಗಿ ಬೇಕು. ಮೂರು ನಿಲ್ದಾಣ ನಾಜಿಗಳ ಕೈಯಲ್ಲಿದೆ. ಹಿಟ್ಲರನನ್ನು ಸೋಲಿಸಿದ ಊರಿನಲ್ಲೇ ನಾಜಿಗಳು! ಅವರು ಆರ್ತ್ಯೋಮನನ್ನು ನೇಣಿಗೆ ಹಾಕಲು ಹೊರಡುತ್ತಾರೆ, ಚೆ ಗೆವಾರಾ ಹೆಸರಿಟ್ಟುಕೊಂಡ ಒಂದು ಪುಟ್ಟ ತಂಡ ಬಂದು ಬಿಡಿಸುತ್ತದೆ. ಇದನ್ನು ಓದುತ್ತಾ ನಾನು ಹೆದರಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು.

ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ನಡುವೆ ಪುಸ್ತಕ ಎಳೆಯುತ್ತದೆ. ಸಿಕ್ಕಸಿಕ್ಕವರೆಲ್ಲ ಆರ್ತ್ಯೋಮನನ್ನು ಕೂರಿಸಿಕೊಂಡು ಉಪನ್ಯಾಸ ಕೊಡುತ್ತಾರೆ. ಹೆಂಗಸರು ಇದ್ದೂ ಇಲ್ಲದ ಹಾಗೆ. ನೀವು ಮೇಷ್ಟ್ರಾಗಿ ಕೆಂಪು ಪೆನ್ನು ಹಿಡಿದರೆ ನೂರು ಪುಟ ಹೋದೀತು. 2009ರಲ್ಲಿ ಬಂದ ಎರಡನೇ ಭಾಗ ನನಗೆ ರುಚಿಸಲಿಲ್ಲ. ಆದರೆ 2015ರ ‘ಮೆಟ್ರೋ 2035’ ಬೇರೆ ಥರ. ಅಲ್ಲಿ ಆರ್ತ್ಯೋಮ್‌ಗೆ ಒಂದು ಸತ್ಯ ಸಿಗುತ್ತದೆ. ಹೊರಗೆ ಬೇರೆ ಊರುಗಳು ಬದುಕಿವೆ. ಆಳುವವರಿಗೆ ಅದು ಗೊತ್ತು. ರೇಡಿಯೋ ಅಲೆ ತಡೆದು, ಶತ್ರು ಇನ್ನೂ ಮೇಲಿದ್ದಾನೆ ಅಂತ ಜನರನ್ನು ಕತ್ತಲಲ್ಲೇ ಇಟ್ಟಿದ್ದಾರೆ. ಅವನು ಓಡಿಬಂದು ಎಲ್ಲರಿಗೂ ಹೇಳುತ್ತಾನೆ. ಜನ ಜಗ್ಗುವುದಿಲ್ಲ. ಕೆಳಗೇ ಅಭ್ಯಾಸ ಆಗಿದೆ.

ಇದನ್ನು ಬರೆದವರು ಪತ್ರಕರ್ತರು ಅನ್ನುವುದನ್ನು ಮರೆಯಬಾರದು. ಜೆರೂಸಲೇಮಿನಲ್ಲಿ ಓದಿದರು, ಫ್ರಾನ್ಸಿನಲ್ಲಿ ಯೂರೋನ್ಯೂಸ್ ಅನ್ನುವ ಸುದ್ದಿ ಟಿವಿಗೆ ದುಡಿದರು. ರಷ್ಯಾ ಸರ್ಕಾರದ ದುಡ್ಡಿನಲ್ಲಿ ನಡೆಯುವ ರಷ್ಯಾ ಟುಡೇ ಟಿವಿಯಲ್ಲೂ ಶುರುವಿನ ವರ್ಷಗಳಲ್ಲಿ ಇದ್ದರು. ಸುದ್ದಿ ಹೇಗೆ ತಯಾರಾಗುತ್ತದೆ ಅಂತ ಒಳಗಿಂದಲೇ ಕಂಡವರು.

2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋಯಿತು. ಗ್ಲುಖೋವ್ಸ್ಕಿ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಜೂನ್ ತಿಂಗಳಲ್ಲಿ ಸರ್ಕಾರ ಅವರನ್ನು ಪೊಲೀಸರು ಹುಡುಕುವ ಆರೋಪಿಗಳ ಪಟ್ಟಿಗೆ ಸೇರಿಸಿತು. ಅಕ್ಟೋಬರಿನಲ್ಲಿ ‘ವಿದೇಶಿ ಏಜೆಂಟ್’ ಅಂತ ಹಣೆಪಟ್ಟಿ ಹಚ್ಚಿತು. 2023ರ ಆಗಸ್ಟಿನಲ್ಲಿ ಮಾಸ್ಕೋದ ನ್ಯಾಯಾಲಯ ಎಂಟು ವರ್ಷ ಜೈಲು ವಿಧಿಸಿತು, ಸೈನ್ಯದ ಬಗ್ಗೆ ಸುಳ್ಳು ಹಬ್ಬಿಸಿದರು ಅನ್ನುವ ಆರೋಪದ ಮೇಲೆ. ಅವರು ದೇಶದ ಹೊರಗಿದ್ದರು. ಅದಕ್ಕೇ ಜೈಲು ತಪ್ಪಿತು. ಅತ್ತ ಕೀವ್ ಜನ ಹಾಸಿಗೆ, ಮಕ್ಕಳು, ಬೆಕ್ಕು ಎಲ್ಲ ಹೊತ್ತುಕೊಂಡು ಮೆಟ್ರೋ ನಿಲ್ದಾಣಗಳಿಗೆ ಇಳಿದರು. ಮಾಸ್ಕೋ ಜನ ನೆಲದಡಿ ಅಡಗುವ ಕಥೆಯನ್ನು ಆಟವಾಗಿ ಮಾಡಿದ್ದ ಊರು ಅದೇ ಕೀವ್. ಮಾಸ್ಕೋ ಕಳಿಸಿದ ಕ್ಷಿಪಣಿಗೆ ಹೆದರಿ ಈಗ ಆ ಊರೇ ನೆಲದಡಿ ಇಳಿಯಬೇಕಾಯಿತು.

ನೀವು ಚೆಕಾಫ್ ಓದಿದವರು. ನಿಮಗೆ ‘ಮೆಟ್ರೋ’ ಬೇಡ, ಅವರ ‘ಟೆಕ್ಸ್ಟ್’ ಓದಿ ಅಂತ ಹೇಳುತ್ತೇನೆ. 2017ರ ಕಾದಂಬರಿ. ಅದರಲ್ಲಿ ಬಾಂಬೂ ಇಲ್ಲ, ಭೂತವೂ ಇಲ್ಲ. ಪೊಲೀಸನೊಬ್ಬ ಸುಳ್ಳು ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಸಿದ ಹುಡುಗ ಏಳು ವರ್ಷ ಜೈಲಿನಲ್ಲಿದ್ದು ಮನೆಗೆ ಬರುತ್ತಾನೆ. ಅಷ್ಟರಲ್ಲಿ ಅಮ್ಮ ತೀರಿಹೋಗಿದ್ದಾಳೆ. ಸಿಟ್ಟಿನಲ್ಲಿ ಹೋಗಿ ಆ ಪೊಲೀಸನನ್ನು ಕೊಲ್ಲುತ್ತಾನೆ, ಅವನ ಫೋನು ಕೈಗೆ ಬರುತ್ತದೆ. ಆಮೇಲೆ ಸತ್ತವನ ಅಪ್ಪ ಅಮ್ಮನಿಗೆ, ಹುಡುಗಿಗೆ ಅವನ ಹೆಸರಿನಲ್ಲಿ ಮೆಸೇಜು ಕಳಿಸುತ್ತಾ ಕೂರುತ್ತಾನೆ. ನನ್ನ ಲೆಕ್ಕದಲ್ಲಿ ಅವರ ಒಳ್ಳೆಯ ಪುಸ್ತಕ ಅದೇ.

ಮೊಮ್ಮಗನ ಆಟ ಕಿತ್ತುಕೊಳ್ಳಬೇಡಿ. ಒಂದು ಸಣ್ಣ ಪ್ರಶ್ನೆ ಕೇಳಿ ಸಾಕು. ಪುಸ್ತಕಕ್ಕೆ ಒಂದೇ ಕೊನೆ, ಆಟಕ್ಕೆ ಎರಡು. ಮೇಲಿನಿಂದ ಬರುವ ‘ಕರಿಯರು’ ಅನ್ನುವ ಜೀವಿಗಳ ಮೇಲೆ ಕ್ಷಿಪಣಿ ಬೀಳುತ್ತದೋ ಇಲ್ಲವೋ ಅನ್ನುವುದು, ದಾರಿಯುದ್ದಕ್ಕೂ ಆಡುವವನು ಎಷ್ಟು ಜನರ ಮಾತಿಗೆ ಕಿವಿಗೊಟ್ಟ, ಯಾರಿಗೆ ಕೈ ಚಾಚಿದ ಅನ್ನುವುದರ ಮೇಲೆ ನಿಂತಿದೆ. ಅವನಿಗೆ ಯಾವ ಕೊನೆ ಬಂತಂತೆ? ನಮಗೂ ಒಂದು ಕಾರ್ಡು ಬರೆದು ತಿಳಿಸಿ.

ನಿಮ್ಮ,
ಸಂಪಾದಕ